ವಾಕರ್ ಎಂಬ ಅಡ್ಡಹೆಸರು

ಸೊಸೆಗೆ ಇನ್ನೊಂದು ಮದುವೆ ಮಾಡಬೇಕೆಂದು ಮೊದಲು ಬಾಯಿ ಬಿಟ್ಟವನು ಬಾಳಪ್ಪ ಗಾಣಿಗೇರನೇ. ಆಮೇಲೆ ನಡೆದ ಜಗಳಗಳಲ್ಲಿ ಈ ಮಾತು ಯಾರಿಗೂ ನೆನಪಾಗಲಿಲ್ಲ. ಅವನೂ ನೆನಪು ಮಾಡಿಕೊಡಲಿಲ್ಲ.

ಹಿರಿಯ ಮಗ ಕಿರಣಕುಮಾರ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಗೆಳೆಯರೊಡನೆ ಕ್ರಿಕೆಟ್ ಆಡಲು ಹೋದವನು ಬೌಂಡರಿ ಗೆರೆಯ ಹತ್ತಿರ ಸುಸ್ತಾಯಿತೆಂದು ಕುಳಿತ. ಮತ್ತೆ ಏಳಲಿಲ್ಲ. ಇನ್ನೂ ನಲವತ್ತು ತುಂಬಿರಲಿಲ್ಲ. ಮಗನ ಮಣ್ಣಿಗೆಂದು ಹುಬ್ಬಳ್ಳಿಯಿಂದ ಬಂದ ಬಾಳಪ್ಪ, ಅವನ ಹೆಂಡತಿ ದ್ಯಾಮವ್ವ ಸಿಡ್ನಿಯ ಗಿರಾವೀನ್‌ನಲ್ಲೇ ಉಳಿದುಬಿಟ್ಟರು. ಕಿರಿಯ ಮಗ ವಿರುಪಾಕ್ಷ ಇನ್ನೂ ಮದುವೆಯಾಗದವನು, ಕೌನ್ಸಿಲ್‌ನಲ್ಲಿ ಎಂಜಿನಿಯರ್. ಅವನೂ ತನ್ನ ಫ್ಲ್ಯಾಟ್ ಬಿಟ್ಟು ಅಣ್ಣನ ಮನೆಗೆ ಬಂದ. ಸೊಸೆ ಪಲ್ಲವಿ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಮೊಮ್ಮಗಳು ಐಶ್ವರ್ಯಾಗೆ ಹನ್ನೆರಡು. ಅಜ್ಜ ಅಜ್ಜಿಯ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಬಹಳ ಸಲ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ಹಿಂಗ ಎಷ್ಟ ದಿನ ಇರ್ತಾಳ ಆಕಿ?" ಸೆಪ್ಟೆಂಬರಿನ ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಬಾಳಪ್ಪ ಹೆಂಡತಿಗೆ ಹೇಳಿದ. "ಮೂವತ್ತೆಂಟು ಅಂದ್ರ ಒಂದು ವಯಸ್ಸೇನು? ಉಡಿಕಿ ಮಾಡಿ ಕೊಡೂಣು."

ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ ದ್ಯಾಮವ್ವ ಕೈ ನಿಲ್ಲಿಸಿದಳು. "ಮಗಾ ಸತ್ತ ಮನ್ಯಾಗಿಂದ ಸೊಸಿನ್ನ ಮದುವಿ ಮಾಡಿ ಕಳಸ್ತೀರಿ? ಎದಿ ಗಟ್ಟಿ ಐತ್ರಿ ನಿಮ್ದು."

"ಗಟ್ಟಿ ಮಾಡ್ಕೋಬೇಕ."

ಬಾಳಪ್ಪನ ಊರ ಕಡೆ ವಿಧವೆಯ ಮರುಮದುವೆಗೆ ಉಡಿಕಿ ಎನ್ನುತ್ತಾರೆ. ಅದನ್ನು ಪಟ್ಟಣದ ಸುಧಾರಕರು ಕಲಿಸಿದ್ದಲ್ಲ, ಬಾಳಪ್ಪನ ಮುತ್ತಜ್ಜಂದಿರ ಕಾಲದಿಂದ ಇದ್ದದ್ದು. ವಾಲಗವಿಲ್ಲ, ಹಂದರವಿಲ್ಲ, ಒಂದು ಸೀರೆ ಉಡಿಸಿ ಕಳಿಸುತ್ತಾರೆ. ಜೊತೆಗೆ ಒಂದು ಕಟ್ಟಳೆ ಇದೆ. ಉಡಿಕಿ ಹೋಗುವವಳು ಒಬ್ಬಳೇ ಹೋಗಬೇಕು, ಮೊದಲ ಗಂಡನ ಮಕ್ಕಳು ಆ ಗಂಡನ ಮನೆತನದವು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗೊತ್ತಿರುತ್ತದೆ. ಬಾಳಪ್ಪನೂ ಹೇಳಲಿಲ್ಲ. ಪಲ್ಲವಿ ಬ್ಯಾಂಕ್ ಅಧಿಕಾರಿಯ ಮಗಳು, ಧಾರವಾಡ, ಮಂಗಳೂರು, ಪುಣೆ ಎಂದು ಟ್ರಾನ್ಸ್‌ಫರಿನಲ್ಲೇ ಬೆಳೆದವಳು. ಉಡಿಕಿ ಎಂಬ ಪದವನ್ನೇ ಅವಳು ಆ ಸಂಜೆ ಮಾವ ಹೇಳಿದಾಗ ಮೊದಲ ಸಲ ಕೇಳಿದ್ದು. ಮಾವನ ದೊಡ್ಡ ಮನಸ್ಸು ನೋಡಿ ಅವಳು ಬಾತ್‌ರೂಮಿಗೆ ಹೋಗಿ ಅತ್ತಳು.

ಎರಡು ವಾರದ ಮೇಲೆ ಅವಳೇ ಬಂದು ಹೇಳಿದಳು. "ಮಾಮಾರ, ಒಬ್ಬರು ಇದ್ದಾರ. ರಸೆಲ್ ಅಂತ, ರಸೆಲ್ ವಾಕರ್. ಮೆಲ್ಬರ್ನ್‌ದಾಗ ಇರ್ತಾರ. ನಮ್ಮ ಲ್ಯಾಬ್ ಮಷಿನ್ ಸರ್ವಿಸ್ ಮಾಡಾಕ ಬರ್ತಾರ. ಡಿವೋರ್ಸ್ ಆಗೇದ, ಮಕ್ಕಳಿಲ್ಲ."

"ಬಿಳಿ ಮನಷ್ಯಾ?"

"ಹೌದ್ರಿ."

ಬಾಳಪ್ಪ ಒಂದು ತಂಬಿಗೆ ನೀರು ಪೂರ್ತಿ ಕುಡಿದ. "ಕುಡೀತಾನೇನು?"

"ಬಿಯರ್, ಒಮ್ಮೊಮ್ಮೆ."

"ಅದನ್ನ ನಮ್ಮ ವಿರುಪಾಕ್ಷೀನೂ ಕುಡೀತಾನ. ಆತು, ಒಳ್ಳೇಂವ ಇದ್ರ ಸಾಕು."

ಹ್ಯಾರಿಸ್ ಪಾರ್ಕಿನ ಮಿಠಾಯಿ ಅಂಗಡಿಯ ಮುಂದೆ ಶನಿವಾರ ಸೇರುವ ಹಿರಿಯರಲ್ಲಿ ಸುದ್ದಿ ಹಬ್ಬಿತು. ನಿವೃತ್ತ ಪ್ರೊಫೆಸರ್ ಸಿದ್ದಲಿಂಗಪ್ಪ ಬಾಳಪ್ಪನ ಕೈ ಹಿಡಿದು ಕುಲುಕಿ, ನಿಮ್ಮಂಥ ಮಾವಂದಿರು ಊರಿಗೊಬ್ಬರಿದ್ದರೆ ಸಾಕು ಎಂದರು. ಬಾಳಪ್ಪ ಡಿಪೊದಲ್ಲಿ ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ನಟ್ಟು ಬಿಗಿದವನು, ಇಷ್ಟು ಜನರೆದುರು ಹೊಗಳಿಸಿಕೊಂಡು ಅಭ್ಯಾಸವಿಲ್ಲ. ನಾಚಿಕೊಂಡು ಎರಡು ಕಿಲೋ ಜೋಳದ ಹಿಟ್ಟಿನ ಬದಲು ಐದು ಕಿಲೋ ಕೊಂಡು ಮನೆಗೆ ಬಂದ.

ಅದೇ ಹುರುಪಿನಲ್ಲಿ ನವೆಂಬರಿನಲ್ಲಿ ಒಂದು ಕೆಲಸ ಮಾಡಿದ. ವಿರುಪಾಕ್ಷನನ್ನು ಕರೆದುಕೊಂಡು ಹೋಗಿ ಓದುವ ಮೇಜು ತಂದು, ತಾವು ಮಲಗುವ ಕೋಣೆಯ ಕಿಟಕಿಯ ಪಕ್ಕ ಇಡೀ ದಿನ ಕೂತು ಜೋಡಿಸಿದ. ಸಂಜೆ ಪಲ್ಲವಿ ಕೆಲಸದಿಂದ ಬಂದಳು.

"ಇದ್ಯಾರಿಗೆ ಮಾಮಾರ?"

"ಐಶೂಗ. ನೀ ಹ್ವಾದ ಮ್ಯಾಲ ಆಕಿ ನಮ್ಮ ಕೋಣ್ಯಾಗ ಮಲಗ್ತಾಳ. ಒಬ್ಬಾಕೀನ ಆ ಕೋಣ್ಯಾಗ ಬಿಟ್ರ ಅಂಜ್ತಾಳ."

ಪಲ್ಲವಿ ಭುಜದ ಚೀಲವನ್ನು ಕೆಳಗಿಡಲಿಲ್ಲ. "ನಾ ಹ್ವಾದ ಮ್ಯಾಲ ಅಂದ್ರ? ಐಶು ನನ್ನ ಜೋಡಿ ಬರ್ತಾಳಲ್ರಿ. ಮೆಲ್ಬರ್ನ್‌ದಾಗ, ವಿಂಡಮ್ ವೇಲ್‌ದಾಗ, ಸ್ಕೂಲ್ ಸುದ್ದಾ ನೋಡೀವಿ."

"ಎಲ್ಲಿಗೆ ಬರ್ತಾಳ?"

"ನಾ ಎಲ್ಲಿರ್ತೀನೋ ಅಲ್ಲಿಗೆ!"

ಬಾಳಪ್ಪನ ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. "ಉಡಿಕಿ ಹೋಗಾಕಿ ಮಗು ಕರಕೊಂಡ ಹೋಗ್ತಾಳೇನವ್ವ? ಎಲ್ಲ್ಯರ ಕೇಳೀಯೇನು? ಅದು ನಮ್ಮ ಮನಿತನದ ಕೂಸು."

"ನಾ ಹೆತ್ತ ಕೂಸು!"

"ನಾವೇನ ಇಲ್ಲ ಅಂದಿವಾ? ರಜಾಕ್ಕ ಬಾ, ಹಬ್ಬಕ್ಕ ಬಾ, ನೋಡ್ಕೊಂಡ ಹೋಗು."

"ನನ್ನ ಮಗಳನ್ನ ಬಿಟ್ಟು ನಾ ಮದುವಿ ಆಗ್ತೀನಿ ಅಂತ ನೀವು ತಿಳ್ಕೊಂಡಿದ್ರಿ?" ಪಲ್ಲವಿಯ ದನಿ ಏರಿತು. "ಅಷ್ಟ ಹಗೂರ ತಿಳ್ಕೊಂಡಿದ್ರಿ ನನ್ನ? ಅತ್ಯಾರ, ನಿಮಗೂ ಗೊತ್ತಿತ್ತೇನ್ರಿ ಇದು?"

ದ್ಯಾಮವ್ವ ಕದದ ಹತ್ತಿರ ನಿಂತಿದ್ದಳು. ಒಳಗೆ ಹೋಗಿ ಬದನೆಕಾಯಿ ಸೀಳತೊಡಗಿದಳು. ಐದು ಜನ ಉಂಡರೂ ಮುಗಿಯದಷ್ಟು ಎಣ್ಣೆಗಾಯಿ ಮಾಡಿದಳು, ಅದನ್ನು ಆ ದಿನ ಯಾರೂ ಉಣ್ಣಲಿಲ್ಲ.

ಅಲ್ಲಿಂದ ಮೂರು ವಾರ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಜಾಸ್ತಿ. ಪಲ್ಲವಿ ತನ್ನ ಮತ್ತು ಮಗಳ ಬಟ್ಟೆ ಬೇರೆ ಒಗೆಯತೊಡಗಿದಳು. ಬಾಳಪ್ಪ ಬೆಳಿಗ್ಗೆಯೇ ನಡೆಯಲು ಹೋದವನು ಬಿಸಿಲೇರುವ ತನಕ ಬರುತ್ತಿರಲಿಲ್ಲ. ಸಂಧಾನಕ್ಕೆಂದು ವಿರುಪಾಕ್ಷ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿದ. ಅತ್ತ ದರಿ ಇತ್ತ ಪುಲಿ ಅವನ ಪಾಡು.

"ಅಪ್ಪಾ, ಇಲ್ಲಿ ಕಾಯ್ದೆ ಬ್ಯಾರೆ. ವೈನಿ ಮಗಳನ್ನ ವೈನಿ ಕರ್ಕೊಂಡ ಹೋಗ್ತಾರ. ನೀ ಕೋರ್ಟಿಗೆ ಹೋದ್ರೂ ಅಷ್ಟ."

"ಕೋರ್ಟಿನ ಮಾತ್ಯಾಕ ಆಡ್ತಿ? ನಾ ಅಂಥಾಂವ ಅಲ್ಲ." ಬಾಳಪ್ಪ ಅಂಗಳದ ಕರಿಬೇವಿನ ಗಿಡದ ಒಣಗಿದ ಎಲೆಗಳನ್ನು ಕಿತ್ತು ಹಾಕಿದ. ಆಮೇಲೆ ಹೇಳಿದ. "ಹೋಗಲಿ. ಕರ್ಕೊಂಡ ಹೋಗಲಿ. ಹೆಸರು ಒಂದ ಮುಟ್ಟಬ್ಯಾಡಂತ ಹೇಳು. ಐಶ್ವರ್ಯಾ ಗಾಣಿಗೇರ ಆಗೇ ಇರಲಿ. ಕಿರಣಾಂದು ಬ್ಯಾರೇನ ಉಳದೈತಿ ಈ ಭೂಮಿ ಮ್ಯಾಲ?"

ವಿರುಪಾಕ್ಷ ತಲೆ ತಗ್ಗಿಸಿದ. ಹೆಸರು ಬದಲಿಸುವ ಅರ್ಜಿ ಅಷ್ಟರಲ್ಲಿ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಐಶ್ವರ್ಯಾ ವಾಕರ್ ಎಂದು ಪಲ್ಲವಿ ತುಂಬಿ ಇಟ್ಟಿದ್ದಳು. ಹನ್ನೆರಡು ತುಂಬಿದ ಮಕ್ಕಳಾದರೆ ಮಕ್ಕಳ ಒಪ್ಪಿಗೆಯೂ ಬೇಕಿತ್ತು, ಅದೊಂದು ಜಾಗ ಖಾಲಿ ಇತ್ತು.

ಡಿಸೆಂಬರಿನ ಎರಡನೆಯ ಭಾನುವಾರ ರಸೆಲ್ ಮಧ್ಯಾಹ್ನದ ಊಟಕ್ಕೆ ಬಂದ. ಬಂದವನನ್ನು ಹಸಿದು ಕಳಿಸುವ ಮನೆ ಅದಲ್ಲ. ಜಗಳ ಜಗಳದ ಪಾಡಿಗೆ, ಊಟ ಊಟದ ಪಾಡಿಗೆ. ದ್ಯಾಮವ್ವ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು, ಮೇಲೆ ಸಿಹಿಗೆಂದು ಮಾದಲಿ ಮಾಡಿದ್ದಳು. ರಸೆಲ್ ಎತ್ತರದ, ಬೋಳುತಲೆಯ, ಮೆಲುದನಿಯ ಮನುಷ್ಯ. ಬೂಟು ಬಿಚ್ಚಿ ಒಳಗೆ ಬಂದ, ಕೈ ತೊಳೆದು ಕೂತ, ರೊಟ್ಟಿಯನ್ನು ಎಡಗೈಯಲ್ಲಿ ಮುರಿಯಹೋಗಿ ಐಶ್ವರ್ಯಾಳಿಂದ ಬೈಸಿಕೊಂಡ. ಅವನನ್ನು ದ್ವೇಷಿಸಲು ಬಾಳಪ್ಪ ಒಂದು ಕಾರಣ ಹುಡುಕುತ್ತಿದ್ದ, ಸಿಗಲಿಲ್ಲ.

ಮಾತಿಗೆ ಮಾತು ಬೇಕಲ್ಲ, ಬಾಳಪ್ಪನೇ ಕೇಳಿದ. "ವಿರುಪಾಕ್ಷಿ, ಇವರ ಅಡ್ಡಹೆಸರಿನ ಅರ್ಥ ಏನಂತ ಕೇಳು. ನಮ್ಮದಾದ್ರ ಗಾಣದಿಂದ ಬಂದದ್ದು. ನಮ್ಮಜ್ಜನ ತನಕಾ ಎತ್ತು ಕಟ್ಟಿ ಗಾಣ ಹೊಡದವರು ನಾವು."

ವಿರುಪಾಕ್ಷ ಕೇಳಿದ. ರಸೆಲ್‌ನ ಮುಖ ಅರಳಿತು. ಇದು ಅವನ ಇಷ್ಟದ ವಿಷಯ. ಅವನ ತಂದೆ ಮನೆತನದ ಹೆಸರಿನ ಬೆನ್ನು ಹತ್ತಿ ಇಂಗ್ಲೆಂಡಿಗೆ ನಾಲ್ಕು ಸಲ ಹೋಗಿ ಬಂದಿದ್ದರಂತೆ. ವಾಕರ್ ಎಂದರೆ ನಡೆಯುವವನು ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಅದು ಒಂದು ಕಸುಬು ಎಂದ. ನೇಯ್ದ ಉಣ್ಣೆಯ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಅದು ದಪ್ಪವಾಗಿ ಹದಕ್ಕೆ ಬರುವ ತನಕ ಕಾಲಿನಿಂದ ತುಳಿಯುತ್ತಿದ್ದರು. ಇಂಗ್ಲೆಂಡಿನ ಉತ್ತರದಲ್ಲಿ ಆ ಕೆಲಸದವನಿಗೆ ವಾಕರ್ ಎನ್ನುತ್ತಿದ್ದರು. ಅದೇ ಕೆಲಸಕ್ಕೆ ಆಗ್ನೇಯದ ಕಡೆ ಫುಲ್ಲರ್, ನೈಋತ್ಯದ ಕಡೆ ಟಕರ್.

"ನಮ್ಮಲ್ಲಿ ಗಾಣಿಗೇರ, ತೇಲಿ ಅಂದಂಗ," ಎಂದ ಬಾಳಪ್ಪ. "ಕೆಲಸ ಒಂದ, ಹೆಸರು ಬ್ಯಾರೆ. ತೊಟ್ಟಿಗೆ ಏನ ಹಾಕ್ತಿದ್ರಂತ ಕೇಳು, ಸಾಬಾಣ ಇರಲಿಲ್ಲಲ್ಲ ಆಗ?"

ರಸೆಲ್ ಪಲ್ಲವಿಯತ್ತ ನೋಡಿ ಸಂಕೋಚದಿಂದ ಹೇಳಿದ. ವಿರುಪಾಕ್ಷ ನಗು ತಡೆದುಕೊಂಡು ಕನ್ನಡಕ್ಕೆ ತಂದ. "ಉಚ್ಚೀನಂತಪಾ. ಹಳೇ ಉಚ್ಚಿ. ಮನಿಮನಿಯಿಂದ ಕೂಡಿಸಿ ತರ್ತಿದ್ರಂತ."

"ಅಯ್ಯ ಶಿವನ! ಉಚ್ಚ್ಯಾಗ ನಿಂತು ತುಳೀತಿದ್ರಾ?" ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಐಶ್ವರ್ಯಾ ಚಟ್ನಿ ನೆತ್ತಿಗೇರಿ ಕೆಮ್ಮಿದಳು. ಪಲ್ಲವಿಯೂ ನಕ್ಕಳು. ಮೂರು ವಾರದಲ್ಲಿ ಆ ಮನೆಯವರು ಒಟ್ಟಿಗೆ ನಕ್ಕದ್ದು ಅದೇ ಮೊದಲು.

"ಪಾಪ, ದುಡದ ತಿಂದವರು," ಎಂದ ಬಾಳಪ್ಪ. "ದೊಡ್ಡ ಸಾಹೇಬರ ವಂಶ ಅಲ್ಲ ಬಿಡು. ಇನ್ನೊಂದು ರೊಟ್ಟಿ ನೀಡು ಅವನಿಗೆ."

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಎದುರಿನವರು ಕಿವಿಗೊಟ್ಟು ಕೇಳುತ್ತಿದ್ದಾರೆಂದರೆ ಯಾರು ನಿಲ್ಲಿಸುತ್ತಾರೆ? ರಸೆಲ್ ಇನ್ನೊಂದು ಸಂಗತಿ ಹೇಳಿದ. ರಕ್ತದಿಂದ ನೋಡಿದರೆ ತಾವು ವಾಕರ್‌ಗಳೇ ಅಲ್ಲವಂತೆ. ಸುಮಾರು ನೂರೆಂಬತ್ತು ವರ್ಷದ ಹಿಂದೆ ಲ್ಯಾಂಕಶೈರ್ ಕಡೆಯ ಒಂದು ಗಿರಣಿ ಊರಿಗೆ ಒಬ್ಬ ವಿಧವೆ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದಳು. ಅಲ್ಲಿನ ವಾಕರ್ ಎಂಬುವನನ್ನು ಮದುವೆಯಾದಳು. ಚರ್ಚಿನ ಪುಸ್ತಕದಲ್ಲಿ ಗುಮಾಸ್ತ ಆ ಮಗುವಿನ ಹೆಸರನ್ನೂ ಥಾಮಸ್ ವಾಕರ್ ಎಂದೇ ಬರೆದ. ಆ ಥಾಮಸನೇ ದೊಡ್ಡವನಾಗಿ ಹಡಗು ಹತ್ತಿ ಮೆಲ್ಬರ್ನಿಗೆ ಬಂದವನು. ಇವತ್ತು ಇಲ್ಲಿರುವ ನೂರಾರು ಜನ ವಾಕರ್‌ಗಳು ಅವನ ಸಂತಾನ.

ರಸೆಲ್ ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಮ್ಮಲ್ಲಿ ಬಂದ ಮಗುವನ್ನು ಬೇರೆಯವರದೆಂದು ಎಣಿಸುವುದಿಲ್ಲ ಎಂಬುದು ಅವನ ತಾತ್ಪರ್ಯ.

ಬಾಳಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದ. "ಆ ಕೂಸಿನ ಹಡದಪ್ಪನ ಹೆಸರು ಏನಿತ್ತಂತ?"

ವಿರುಪಾಕ್ಷ ಕೇಳಿದ. ರಸೆಲ್ ಉತ್ತರ ಹೇಳಿದ. ವಿರುಪಾಕ್ಷ ಅದನ್ನು ಕನ್ನಡಕ್ಕೆ ತರಲಿಲ್ಲ, ನೀರಿನ ಲೋಟ ಎತ್ತಿಕೊಂಡ.

"ಏನಂದಾ?"

"ಬಿಡಪಾ, ಊಟಾ ಮಾಡು."

"ಏನಂದಾಂತ ಕೇಳಿದ್ನಿ."

"ಯಾರಿಗೂ ಗೊತ್ತಿಲ್ಲಂತ, ಅಜ್ಜ," ಎಂದಳು ಐಶ್ವರ್ಯಾ. ಅವಳಿಗೆ ಎರಡೂ ಭಾಷೆ ತಿಳಿಯುತ್ತಿತ್ತು, ಆ ಊಟದ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ಎಲ್ಲವೂ ತಿಳಿದದ್ದು ಅವಳಿಗೇ. "ಅವರ ಡ್ಯಾಡ್ ಟ್ವೆಂಟಿ ಯಿಯರ್ಸ್ ಹುಡುಕಿದ್ರಂತ. ಎಲ್ಲೂ ಬರ್ದಿಲ್ಲಂತ."

ರಸೆಲ್‌ನ ಕುತ್ತಿಗೆ ಕೆಂಪಗಾಯಿತು. ತಾನು ಏನು ಹೇಳಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಕ್ಷಮೆ ಕೇಳಿದ. ಬಾಳಪ್ಪ ಎದ್ದು ಹೋಗಿ ಕೈ ತೊಳೆದ. ನಲ್ಲಿ ಬಹಳ ಹೊತ್ತು ಸುರಿಯಿತು.

ಮರುದಿನ ಪಲ್ಲವಿ ಅರ್ಜಿ ಮುಂದಿಟ್ಟಾಗ ಐಶ್ವರ್ಯಾ ಪೆನ್ನು ಮುಟ್ಟಲಿಲ್ಲ. ಸೈನ್ ಮಾಡುವುದಿಲ್ಲ ಎಂದಳು. ಅಷ್ಟೇ ಅಲ್ಲ, ಮೆಲ್ಬರ್ನಿಗೂ ಬರುವುದಿಲ್ಲ, ಅಜ್ಜನ ರೂಲ್ ಪ್ರಕಾರ ತಾನು ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ಪಪ್ಪನ ಹೆಸರು ಯಾರಿಗೂ ಗೊತ್ತಿಲ್ಲದಂತಾಗುತ್ತದೆ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿ ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಪಲ್ಲವಿ ಅಂಗಳಕ್ಕೆ ಬಂದಳು. ಬಾಳಪ್ಪ ಗಿಡಕ್ಕೆ ನೀರು ಹಾಕುತ್ತಿದ್ದ.

"ಆತೇನ್ರಿ ಮಾಮಾರ ಸಮಾಧಾನ? ಹನ್ನೆರಡು ವರ್ಷದ ಹುಡುಗಿ ತಲಿ ಮ್ಯಾಲ ಇಷ್ಟು ದೊಡ್ಡ ಗಂಟು ಹೊರಿಸಿದ್ರಲ್ಲ!"

"ನಾ ಆಕಿಗೆ ಒಂದ ಮಾತೂ ಹೇಳಿಲ್ಲವ್ವ."

"ಆಕಿ ಕಿವಿಗೆ ಬೀಳೂವಂಗ ಮನಿ ತುಂಬ ಹೇಳಿದ್ರಿ. ಆ ಹೆಸರು ನನಗ ಬ್ಯಾಡಾಗೇದ ಅಂತ ತಿಳದೀರೇನು? ಸ್ಕೂಲಿನ್ಯಾಗ, ಡೆಂಟಿಸ್ಟ್ ಹತ್ರ, ಏರ್‌ಪೋರ್ಟಿನ್ಯಾಗ, ಎಲ್ಲೆ ಹೋದ್ರೂ ಕೇಳ್ತಾರ, ತಂದಿ ಎಲ್ಲಿದ್ದಾರ ಅಂತ. ತೀರಿಕೊಂಡ್ರು ಅಂತೀನಿ. ನನ್ನ ಮಗಳು ಬಾಜೂಕ ನಿಂತು ಕೇಳ್ತಾಳ. ಇನ್ನ ನಾ ವಾಕರ್, ಆಕಿ ಗಾಣಿಗೇರ ಆದ್ರ ಹೋದಲ್ಲೆಲ್ಲಾ ಕೇಳ್ತಾರ. ಎಷ್ಟ ಸಲ ಅವರನ್ನ ಸಾಯಿಸ್ಲಿ ನಾ? ಹೇಳ್ರಿ, ಎಷ್ಟ ಸಲ?"

ಪೈಪಿನ ನೀರು ಗಿಡದ ಬುಡ ಬಿಟ್ಟು ಬಾಳಪ್ಪನ ಚಪ್ಪಲಿಯ ಮೇಲೆ ಹರಿಯಿತು.

ಆದರೂ ನಿಜ ಹೇಳಬೇಕೆಂದರೆ, ಆ ವಾರ ಅವನು ಒಳಗೊಳಗೇ ಸುಖವಾಗಿದ್ದ. ಕೂಸು ತಾನಾಗಿಯೇ ಇರುತ್ತೇನೆ ಎಂದಿದೆ. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಕಿಟಕಿಯ ಪಕ್ಕದ ಮೇಜಿನ ಧೂಳು ಒರೆಸಿದ. ಊಟಕ್ಕೆ ಕೂತಾಗ ಮೊಮ್ಮಗಳ ತಾಟಿಗೆ ತುಪ್ಪ ಎರಡು ಚಮಚ ಹೆಚ್ಚು ಹಾಕಿದ. ಮೊಮ್ಮಗಳು ತುಪ್ಪ ಹಾಕಿದ್ದನ್ನು ಅರ್ಧ ತಿಂದು ಏಳುತ್ತಿದ್ದಳು. ಐದು ದಿನದಲ್ಲಿ ಅವಳ ಮುಖ ಸಣ್ಣಗಾಯಿತು. ಮದುವೆ ಮುಂದಕ್ಕೆ ಹಾಕೋಣ ಎಂದು ಪಲ್ಲವಿ ಫೋನಿನಲ್ಲಿ ಹೇಳುವುದೂ ಕೇಳಿಸಿತು.

ಶನಿವಾರ ಮಧ್ಯಾಹ್ನ ಪಲ್ಲವಿ ಡ್ಯೂಟಿಗೆ ಹೋಗಿದ್ದಳು. ದ್ಯಾಮವ್ವ ಗಂಡನನ್ನು ಕೈಸನ್ನೆ ಮಾಡಿ ಕರೆದು ಲಾಂಡ್ರಿಯ ಬಾಗಿಲು ತೋರಿಸಿದಳು. ಐಶ್ವರ್ಯಾ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ತನ್ನವು ಒಂದು ಕಡೆ, ತಾಯಿಯವು ಒಂದು ಕಡೆ. ತಾಯಿಯ ಒಂದೊಂದು ಬಟ್ಟೆಯನ್ನು ಮಡಚುವ ಮುಂಚೆ ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು.

ಅಡುಗೆಮನೆಗೆ ಬಂದ ಮೇಲೆ ದ್ಯಾಮವ್ವ ಹೇಳಿದಳು. "ನೋಡಿದ್ರಿ? ನಿಮ್ಮವ್ವನ್ನ ನೆನಸ್ಕೋರಿ ಒಂದ ಸಲ."

"ಆ ಮಾತ್ಯಾಕ ಈಗ?"

"ಈಗಲ್ದ ಯಾವಾಗ? ನಲವತ್ತೈದು ವರ್ಷ ಸಂಸಾರ ಮಾಡೇನಿ. ನಿದ್ದ್ಯಾಗ ನೀವು ಯಾರ್ನ ಕರೀತೀರಿ ಅಂತ ನನಗ ಗೊತ್ತಿಲ್ಲೇನು? ಅದ ಕೂಳು ಈ ಕೂಸಿಗೂ ಉಣಸಬ್ಯಾಡ್ರಿ. ನನಗೂ ಮಗಾ ಹೋಗ್ಯಾನ. ಆಕಿಗೆ ಅವ್ವರ ಇರ್ಲಿ."

ಬಾಳಪ್ಪ ಲಾಂಡ್ರಿಗೆ ಹೋಗಿ ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಮೊಮ್ಮಗಳು ಕೈಲಿದ್ದ ಬಟ್ಟೆಯನ್ನು ಅವಸರದಿಂದ ಮಡಚಿದಳು.

"ಐಶೂ, ನನಗೂ ಅಪ್ಪ ಇರಲಿಲ್ಲ, ಗೊತ್ತೇನು? ಐದು ವರ್ಷದಾಂವ ಇದ್ನಿ, ಜ್ವರಾ ಬಂದು ಸತ್ತಾ. ನಮ್ಮವ್ವ ಉಡಿಕಿ ಹ್ವಾದ್ಲು, ಅಣ್ಣಿಗೇರಿ ಕಡೆ ಒಂದು ಹಳ್ಳಿಗೆ. ಕಟ್ಟಳಿ ಪ್ರಕಾರ ನನ್ನ ಬಿಟ್ಟು ಹ್ವಾದ್ಲು. ಹೆಸರು ನಂದು ಗಟ್ಟಿ ಉಳೀತು. ಯಾರೂ ಮುಟ್ಟಲಿಲ್ಲ."

ಹುಡುಗಿ ಮಡಚಿದ ಬಟ್ಟೆಯನ್ನು ಕೆಳಗಿಟ್ಟಳು.

"ಹತ್ತು ವರ್ಷದಾಂವ ಇದ್ದಾಗ ಗಾಣದ ಮುಂದ ಕುಂತಿದ್ನಿ. ಒಬ್ಬ ಹೆಣ್ಣಮಗಳು ಕುಸುಬಿ ಗಂಟು ಹೊತ್ಕೊಂಡು ಬಂದ್ಲು. ನನ್ನ ನೋಡಿ, ಯಾರ ಮಗನೋ ನೀ ಅಂದ್ಲು. ನಾ ಎದ್ದು ನಿಂತು ಹೇಳಿದ್ನಿ, ಗಾಣಿಗೇರ ಶಿವಪ್ಪನ ಮಗಾ ಬಾಳಪ್ಪ ಅಂತ. ಸಾಲ್ಯಾಗ ಹೇಳಿದಂಗ, ಜೋರಲೆ. ಆಕಿ ಗಂಟು ಅಲ್ಲೇ ಇಟ್ಟು ತಿರುಗಿ ಹ್ವಾದ್ಲು. ಎಣ್ಣಿ ಒಯ್ಯಾಕೂ ಬರಲಿಲ್ಲ. ಸಂಜೀಕ ನಮ್ಮಜ್ಜ ಹೇಳಿದಾ, ಅದು ನಿಮ್ಮವ್ವನೋ ಅಂತ." ಬಾಳಪ್ಪ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಹೆಸರು ಬಾಯಿಪಾಠ ಇತ್ತು ನನಗ. ಅವ್ವನ ಮುಖ ಗುರ್ತು ಸಿಗಲಿಲ್ಲ."

"ಅಜ್ಜ..."

"ಸಹಿ ಮಾಡವ್ವ. ಸಹಿ ಮಾಡಿ ನಿಮ್ಮವ್ವನ ಜೋಡಿ ಹೋಗು. ನಿಮ್ಮಪ್ಪನ ಹೆಸರು ಕಾಯೂದು ನನ್ನ ಕೆಲಸ, ನಿಂದಲ್ಲ."

ಅವನ ಮೊಣಕಾಲಿಗೆ ಹಣೆಯಿಟ್ಟು ಹುಡುಗಿ ಅತ್ತಳು. ಅವನೂ ಅತ್ತ. ಅಡುಗೆಮನೆಯಲ್ಲಿ ದ್ಯಾಮವ್ವ ಕುಕ್ಕರಿನ ಸೀಟಿ ಎಣಿಸುವುದನ್ನು ಮರೆತು ಬೇಳೆ ತಳ ಹತ್ತಿಸಿದಳು. ಸೋಮವಾರ ಅರ್ಜಿ ಅಂಚೆಗೆ ಬಿತ್ತು.

ಜನವರಿಯಲ್ಲಿ ರಿಜಿಸ್ಟರ್ ಮದುವೆಯಾಯಿತು. ಹೊರಡುವ ದಿನ ದ್ಯಾಮವ್ವ ಪಲ್ಲವಿಗೆ ತಾನೇ ಇಳಕಲ್ ಸೀರೆ ಉಡಿಸಿ, ನೆರಿಗೆ ಹಿಡಿದು, ಉಡಿಗೆ ಅಕ್ಕಿ, ಕೊಬ್ಬರಿ ತುಂಬಿದಳು. "ಮಗಳನ್ನ ಕೊಟ್ಟಂಗ ಕೊಡಾಕತ್ತೇನಿ. ತಿರುಗಿ ಬರೂದನ್ನ ಮರೀಬ್ಯಾಡ," ಎಂದಳು. ಪಲ್ಲವಿ ಅತ್ತೆಯ ಹೆಗಲು ಬಿಡಲೊಲ್ಲಳು. ಬಾಳಪ್ಪ ಕಾರಿನ ಡಿಕ್ಕಿಯಲ್ಲಿ ಸೂಟ್‌ಕೇಸ್ ಸರಿಯಾಗಿ ಕೂತಿದೆಯೇ ಎಂದು ನಾಲ್ಕು ಸಲ ನೋಡಿದ.

ಮೇ ತಿಂಗಳಿನಲ್ಲಿ ಮುದುಕ ಮುದುಕಿ ಮೆಲ್ಬರ್ನಿಗೆ ಹೋಗಿ ವಿಂಡಮ್ ವೇಲ್‌ನ ಹೊಸ ಮನೆಯಲ್ಲಿ ಹತ್ತು ದಿನ ಇದ್ದರು. ಪಲ್ಲವಿ ಚೆನ್ನಾಗಿ ನೋಡಿಕೊಂಡಳು. ರಸೆಲ್ ಮಾವ ಎನ್ನಲು ಕಲಿತಿದ್ದ. ಐಶ್ವರ್ಯಾ ಎರಡು ಇಂಚು ಬೆಳೆದಿದ್ದಳು, ನಗುತ್ತಿದ್ದಳು, ತಾಟಿನಲ್ಲಿ ಏನೂ ಬಿಡುತ್ತಿರಲಿಲ್ಲ. ಹೊಟ್ಟೆ ತಣ್ಣಗಾಯಿತು ಎಂದು ದ್ಯಾಮವ್ವ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಬಾಳಪ್ಪನೂ ಹೌದು ಹೌದು ಎನ್ನುತ್ತಿದ್ದ.

ವಾಪಸ್ಸು ಹೊರಡುವ ದಿನ ಬೆಳಿಗ್ಗೆ ಬಾಳಪ್ಪ ಸ್ನಾನಕ್ಕೆ ಹೋಗಿದ್ದಾಗ ಹುಡುಗಿ ತಡವಾಯಿತೆಂದು ಸ್ಕೂಲಿಗೆ ಓಡಿದ್ದಳು. ಹನ್ನೊಂದಕ್ಕೆ ಏರ್‌ಪೋರ್ಟಿಗೆ ಹೊರಡಬೇಕು. ಒಂದು ಸಲ ಮುಖ ನೋಡಿ ಬರುತ್ತೇನೆಂದು ಬಾಳಪ್ಪ ಸ್ವೆಟರ್ ಹಾಕಿಕೊಂಡು ಹೊರಟ. ಸ್ಕೂಲು ಎರಡು ಬೀದಿ ಆಚೆ, ಹಿಂದಿನ ದಿನದ ತನಕ ಶಾಲೆಯಿದ್ದಾಗಲೆಲ್ಲ ಮೊಮ್ಮಗಳ ಜೊತೆ ಗೇಟಿನ ತನಕ ಹೋಗಿ ಬಂದಿದ್ದ.

ಆಫೀಸಿನ ಗಾಜಿನ ಕಿಟಕಿಯ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಯಾರು ಬೇಕು ಎಂದಳು. ಬಾಳಪ್ಪ ತನಗೆ ಬರುವ ಇಂಗ್ಲಿಷ್ ಕೂಡಿಸಿಕೊಂಡು, ಐಶ್ವರ್ಯಾ ಗಾಣಿಗೇರ ಎಂದ. ಎಷ್ಟನೆಯ ತರಗತಿ ಎಂದಳು. ಏಳು ಎಂದ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಅಕ್ಷರ ಅಕ್ಷರ ಹೇಳಿಸಿಕೊಂಡು ಮತ್ತೆ ಹುಡುಕಿದಳು. ಆ ಹೆಸರಿನ ಮಗು ಈ ಶಾಲೆಯಲ್ಲಿಲ್ಲ, ಬೇರೆ ಶಾಲೆ ಇರಬೇಕು ಎಂದು ಮೃದುವಾಗಿಯೇ ಹೇಳಿದಳು.

ಗೋಡೆಯ ಗಡಿಯಾರದಲ್ಲಿ ಹತ್ತೂವರೆಯಾಗಿತ್ತು. ಬಾಳಪ್ಪ ಕಿಟಕಿಯ ಹತ್ತಿರಕ್ಕೆ ಬಾಗಿ ಹೇಳಿದ. "ಐಶ್ವರ್ಯಾ ವಾಕರ್."

ಹೆಂಗಸಿನ ಮುಖ ಬೆಳಗಿತು. ಓ, ಐಶ್ವರ್ಯಾ, ನಮ್ಮೆಲ್ಲರಿಗೂ ಗೊತ್ತು ಎಂದಳು. ನೀವು ಅಜ್ಜನೇ ಎಂದಳು. ಹೌದು ಎಂದ. ಮಿಸ್ಟರ್ ವಾಕರ್ ಅಲ್ಲವೇ ಎಂದಳು. ಇಲ್ಲ ಎಂದರೆ ಎಷ್ಟು ಹೇಳಬೇಕಾಗುತ್ತದೋ, ಹೇಳಿದರೂ ಇವಳು ಕರೆಯುತ್ತಾಳೋ ಇಲ್ಲವೋ. ಬಾಳಪ್ಪ ಹೌದೆಂದು ತಲೆಯಾಡಿಸಿದ. ಅವಳು ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅದೇ ಹೆಸರು ಬರೆದು, ಎದೆಗೆ ಅಂಟಿಸಿಕೊಳ್ಳಿ ಎಂದು ತೋರಿಸಿ ಕೊಟ್ಟಳು. ಅವನು ಅಂಟಿಸಿಕೊಂಡು ಬೆಂಚಿನ ಮೇಲೆ ಕೂತ.

ಐಶ್ವರ್ಯಾ ಓಡುತ್ತ ಬಂದಳು. ಬಂದವಳು ಅಜ್ಜನ ಎದೆಯ ಮೇಲಿನ ಚೀಟಿ ಓದಿ ನಿಂತುಬಿಟ್ಟಳು.

"ಅಜ್ಜ, ಇದನ್ನ ಯಾಕ ಹಚ್ಕೊಂಡಿ?"

"ಇದನ್ನ ಹಚ್ಕೊಂಡ್ರ ನಿನ್ನ ಕರೀತಾರವ್ವ," ಎಂದ ಬಾಳಪ್ಪ. "ನಮ್ಮ ಹೆಸರು ಹೇಳಿದ್ರ ನೀ ಇಲ್ಲೇ ಇಲ್ಲ ಅಂದ್ರು."